ತುಕ್ಕಿನ ಜೊತೆ ಜಗಳಕ್ಕೆ ನಿಂತ ಅಕ್ಕಯ್ಯಮ್ಮ

ಬಳ್ಳಾರಿ ರಸ್ತೆಯ ಮೊದಲ ಬಸ್ಸು ಇನ್ನೂ ಹೆಬ್ಬಾಳದ ಕೆರೆ ಏರಿ ದಾಟಿಲ್ಲ. ಕೆಂಪಾಪುರದ ಕೊನೆಯ ಮನೆಯ ಅಂಗಳದಲ್ಲಿ ಅಕ್ಕಯ್ಯಮ್ಮ ಆಗಲೇ ಬೈಯಲು ಶುರು ಮಾಡಿದ್ದಾರೆ. ಬೈಗುಳವೆಲ್ಲ ಎದುರಿನ ಚಪ್ಪಡಿಯ ಮೇಲೆ ಕೂತಿರುವ ಒಂದು ಇದ್ದಿಲ ಇಸ್ತ್ರಿ ಪೆಟ್ಟಿಗೆಗೆ. ಅದರ ಮುಚ್ಚಳ ಬಿಚ್ಚುತ್ತಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ಕೀಲಿನ ಸಂದಿಗೆ ತುರುಕುತ್ತಾರೆ, ಹಿಡಿ ಹಿಡಿದು ಅಲ್ಲಾಡಿಸುತ್ತಾರೆ, ಕಿವಿಯ ಹತ್ತಿರ ತಂದು ಆಲಿಸುತ್ತಾರೆ, ಮತ್ತೆ ಬೈಯುತ್ತಾರೆ.

"ಬಣ್ಣ ಬಳ್ದವ್ನೆ ಸ್ವಾಮಿ, ಬಣ್ಣ! ಇದೇನು ಎತ್ತಿನ ಗಾಡಿ ಚಕ್ರನಾ? ತುಕ್ಕು ಕಾಣಬಾರ್ದು ಅಂತ ಮೇಲೆ ಕರಿ ಬಣ್ಣ ಬಳ್ದು, ಸಂದಿಗೆಲ್ಲ ಇಳಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ತಂದು ನನ್ನ ಮುಂದೆ ಇಕ್ಕವ್ನೆ. 'ಅಕ್ಕಾ, ಸ್ವಲ್ಪ ಬಿಗಿಯಾಗೈತೆ' ಅಂತಾನೆ. ಸ್ವಲ್ಪವಂತೆ!" ಎಂದು ಬರೆದುಕೊಳ್ಳಲು ಬಂದಿರುವ ನಮ್ಮ ಕಡೆ ತಿರುಗುತ್ತಾರೆ.

ಪೆಟ್ಟಿಗೆ ಯಲಹಂಕದ ಶ್ರೀರಾಮಪ್ಪನದು. ರೈಲ್ವೆ ಸ್ಟೇಷನ್ನಿನ ಬಳಿ ಇಸ್ತ್ರಿ ಮೇಜು ಹಾಕಿಕೊಂಡಿರುವ ಈ ಮನುಷ್ಯನ ಅಜ್ಜನ ಕಾಲದ್ದು. ಮುಚ್ಚಳದ ಮೇಲೆ ಸವೆದ ಇಂಗ್ಲಿಷ್ ಅಕ್ಷರಗಳಿವೆ, ಮುಂದುಗಡೆ ಹುಂಜದ ಆಕಾರದ ಚಿಲಕವಿದೆ. ತೂಕ ಈಗ ಬಂದಿರುವ ಹೊಸ ಲೆಕ್ಕದಲ್ಲಿ ಆರು ಕಿಲೋ. ಮೂರು ಮಳೆಗಾಲ ಅಟ್ಟದ ಮೇಲೆ, ಸೋರುವ ಹೆಂಚಿನ ಕೆಳಗೆ ಬಿದ್ದಿತ್ತು. ಬಳಸುತ್ತಿದ್ದ ಪೆಟ್ಟಿಗೆಯ ತಳ ಸೀಳಿದ ಮೇಲೆ ಶ್ರೀರಾಮಪ್ಪನಿಗೆ ಅಜ್ಜನದು ನೆನಪಾಗಿದೆ. ಹತ್ತು ದಿನದ ಹಿಂದೆ ತಂದು ಕೊಟ್ಟು ಹೋದವನು ಇವತ್ತು ಮಧ್ಯಾಹ್ನ ಬರುತ್ತಾನೆ. ನಾಳೆಗೆ ಒಂದು ದೊಡ್ಡ ಮನೆಯ ಬಟ್ಟೆ ಒಪ್ಪಿಕೊಂಡಿದ್ದಾನಂತೆ.

ಹೆಬ್ಬಾಳ, ಅಮೃತಹಳ್ಳಿ, ಜಕ್ಕೂರು, ಯಲಹಂಕ, ಅತ್ತ ಯಶವಂತಪುರದವರೆಗೆ ಇಸ್ತ್ರಿ ಮಾಡಿ ಬದುಕುವವರಿಗೆಲ್ಲ ಈ ಅಂಗಳ ಗೊತ್ತು. ಬಟ್ಟೆ ಹಾಕಿಕೊಳ್ಳುವವರಿಗೆ ಗೊತ್ತಿಲ್ಲ. ಆಫೀಸಿಗೆ ಹೊರಟ ಗುಮಾಸ್ತರು, ಜಕ್ಕೂರಿನಲ್ಲಿ ವಿಮಾನ ಕಲಿಯಲು ಬರುವ ಹುಡುಗರು, ಮೇಷ್ಟರು, ಇವರ ಅಂಗಿಯ ಮೇಲೆ ಓಡಾಡುವ ಪೆಟ್ಟಿಗೆಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಗುಜರಿಗೆ ಹೋಗಬೇಕಾಗಿದ್ದವು. ಅವುಗಳನ್ನು ಹುಣಸೆಹಣ್ಣು, ಹುಳಿಗಂಜಿ, ಮರಳು, ಹರಳೆಣ್ಣೆಯಿಂದ ಮತ್ತೆ ಕೆಲಸಕ್ಕೆ ಹಚ್ಚುವವರು ನಲವತ್ತೇಳು ವರ್ಷದ ಈ ಒಕ್ಕಲುಮನೆಯ ಹೆಂಗಸು. ಯಾರ ಕೈಕೆಳಗೂ ಕೂತು ಕಲಿತವರಲ್ಲ. ಇಷ್ಟಪಟ್ಟು ಹಿಡಿದ ಕಸುಬೂ ಅಲ್ಲ.

"ಇಷ್ಟ ಎಲ್ಲಿಂದ ಬರ್ತದೆ? ನಮ್ಮ ಯಜಮಾನ್ರು ತಂದು ತಲೆಗೆ ಕಟ್ಟಿದ್ರು."

ಯಜಮಾನರು ಚಿಕ್ಕಬೈರಪ್ಪ, ಅಷ್ಟು ದೂರದಲ್ಲೇ ಜಗುಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದಾರೆ. ಈ ಮಾತು ಅವರಿಗೆ ಹೊಸದಲ್ಲ. ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ.

ಕಥೆ ಶುರುವಾಗುವುದು ಐವತ್ತೊಂಬತ್ತನೆಯ ಇಸವಿಯಲ್ಲಿ. ಆಗ ಇವರಿಗಿದ್ದದ್ದು ಕೆರೆಯ ಕೆಳಗೆ ಒಂದೂವರೆ ಎಕರೆ ರಾಗಿ ಹೊಲ ಮತ್ತು ಎರಡನೇ ಸೂಲಿನ ಒಂದು ಎಮ್ಮೆ. ಎರಡು ಹೊತ್ತೂ ಸೇರಿ ಆರು ಸೇರು ಹಾಲು ಕರೆಯುತ್ತಿದ್ದ ಎಮ್ಮೆ. ಮನೆಯ ಆರು ಬಾಯಿಗೆ ಉಪ್ಪು, ಸೀಮೆಎಣ್ಣೆ, ಬಟ್ಟೆ ಎಲ್ಲ ಬರುತ್ತಿದ್ದದ್ದು ಆ ಹಾಲಿನಿಂದ. ಒಂದು ದಿನ ಎಮ್ಮೆ ಸ್ವಲ್ಪ ಕುಂಟಿತು. ತೋರಿಸಿಕೊಂಡು ಬರುತ್ತೇನೆಂದು ಚಿಕ್ಕಬೈರಪ್ಪ ಅದನ್ನು ಹೊಡೆದುಕೊಂಡು ಯಶವಂತಪುರದ ಕಡೆ ಹೋದರು. ಸಂಜೆ ಯಾರದೋ ಗಾಡಿಯಲ್ಲಿ ಕೂತು ವಾಪಸು ಬಂದರು. ಗಾಡಿಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು, ಎಮ್ಮೆ ಇರಲಿಲ್ಲ.

"'ಎಮ್ಮೆ ಎಲ್ಲಿ?' ಅಂದೆ. 'ಎಮ್ಮೆ ಬಿಡು, ಇದು ನೋಡು' ಅಂದ್ರು. ನೋಡಿದೆ. ಕೆಂಪಗೆ ತುಕ್ಕು ಹಿಡ್ದಿರೋ ಏಳು ಕಬ್ಬಿಣದ ಮುದ್ದೆ. 'ಇಸ್ತ್ರಿ ಪೆಟ್ಟಿಗೆ ಕಣೇ. ಯಾವ್ದೋ ದೊರೆ ಬಂಗಲೇದು. ಇಂಗ್ಲೆಂಡಿಂದು' ಅಂದ್ರು. ಒಂದರ ಮುಚ್ಚಳ ತೆಗೆದು ತೋರ್ಸಿ ಅಂದೆ. ಏಳರಲ್ಲಿ ಒಂದೂ ತೆಗೀಲಿಲ್ಲ. ಅಲ್ಲಿ ತೆಗೆದು ನೋಡಿದ್ರಾ ಅಂದೆ. 'ತಗೊಳ್ಳೋ ವಸ್ತುನ ಅಂಗೆಲ್ಲ ಅನುಮಾನಿಸಬಾರ್ದು' ಅಂದ್ರು. ನನ್ನ ಹೊಟ್ಟೆ ಎಂಗೆ ಉರೀತು ಅಂತ ಎಂಗೆ ಬರೀತೀರ ನೀವು?"

ಚಿಕ್ಕಬೈರಪ್ಪನವರ ತಲೆಯಲ್ಲಿ ಒಂದು ಲೆಕ್ಕಾಚಾರ ಇತ್ತು. ಹೆಬ್ಬಾಳದ ಸುತ್ತ ಕಾಲೇಜು, ಹಾಸ್ಟೆಲು ಬರುತ್ತಿವೆ, ದೂರದೂರಿನ ಹುಡುಗರು ಬಂದಿಳಿಯುತ್ತಾರೆ, ಅವರಿಗೆಲ್ಲ ಇಸ್ತ್ರಿ ಬಟ್ಟೆ ಬೇಕಾಗುತ್ತದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೇಳಿದ್ದಷ್ಟೇ ಅವರು ಮಾಡಿದ ಕೆಲಸ. ಮಾರನೆಯ ದಿನದಿಂದ ಊರೆಲ್ಲ ತಿರುಗಿ ಇಸ್ತ್ರಿ ಅಂಗಡಿ ಇಡುತ್ತಿದ್ದೇನೆಂದು ಸಾರಿದರು. ನೀರು ಸೇದಲು ಹೋದ ಅಕ್ಕಯ್ಯಮ್ಮನನ್ನು ಹೆಂಗಸರು ಕೇಳತೊಡಗಿದರು: "ಏನಕ್ಕಾ, ಪೆಟ್ಟಿಗೆ ಹೊತ್ತಿಗೆ ಎಷ್ಟು ಸೇರು ಕೊಡ್ತದೆ?"

ಹದಿನೈದು ದಿನ ಅಕ್ಕಯ್ಯಮ್ಮ ಗಂಡನ ಜೊತೆ ಮಾತಾಡಲಿಲ್ಲ. ಹದಿನಾರನೆಯ ದಿನ ಮನೆಯಲ್ಲಿ ಸೀಮೆಎಣ್ಣೆ ಮುಗಿಯಿತು, ತರುವ ದಾರಿ ಕಾಣಲಿಲ್ಲ. ಅಂದು ಆ ಮರದ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದರು.

ಮೊದಲನೆಯದನ್ನು ಕೋಪದಲ್ಲಿ ಗುಂಡುಕಲ್ಲಿನಿಂದ ಹೊಡೆದರು. ಚಿಲಕ ಕಿತ್ತು ಬಂತು, ಮುಚ್ಚಳ ಬರಲಿಲ್ಲ. ಎರಡನೆಯದನ್ನು ಚಿಕ್ಕಬೈರಪ್ಪ ಸಹಾಯ ಮಾಡುತ್ತೇನೆಂದು ಬಂದು ಒಲೆಗೆ ಇಟ್ಟರು; ಹಿಡಿಯ ಮರ ಸುಟ್ಟು ಬೂದಿಯಾಯಿತು. ಮೂರನೆಯದನ್ನು ಹೆಬ್ಬಾಳದ ಕುಲುಮೆಗೆ ಹೊತ್ತುಕೊಂಡು ಹೋದರು. ಅಲ್ಲಿಯವನು ಒಂದೇ ಏಟು ಹಾಕಿದ. ಎರಕದ ಕಬ್ಬಿಣ, ಮಡಕೆಯ ಹಾಗೆ ಎರಡಾಯಿತು. "ಅವನು ನಕ್ಕ. ನಂಗೆ ಅಲ್ಲೇ ಕೂತು ಅಳು ಬಂತು. ಅರ್ಧ ಎಮ್ಮೆ ಓಯ್ತು ಅನ್ನಿಸ್ತು" ಎನ್ನುತ್ತಾರೆ.

ಆ ಸಂಜೆ ಪಕ್ಕದ ಮನೆಯ ಬದರುನ್ನೀಸಾ ಕೊಂಡೊಯ್ದಿದ್ದ ಮೊರ ವಾಪಸು ಕೊಡಲು ಬಂದರು. ಅವರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಚಿಕ್ಕಂದಿನಲ್ಲಿ ತಂದೆಯ ತಿದಿ ಒತ್ತಿ ಬೆಳೆದ ಬದರುನ್ನೀಸಾ ಒಡೆದ ಪೆಟ್ಟಿಗೆಯ ಎರಡು ತುಂಡನ್ನೂ ತಿರುಗಿಸಿ ನೋಡಿದರು. ಒಳಗೆ ಎಂದೋ ಉಳಿದ ಬೂದಿ ನೀರು ಕುಡಿದು ಕಲ್ಲಾಗಿ, ಮುಚ್ಚಳಕ್ಕೂ ತಳಕ್ಕೂ ಅಂಟಿಕೊಂಡಿತ್ತು.

"ಅಕ್ಕಯ್ಯಕ್ಕ, ಇದು ಹೊಡೆದ್ರೆ ಕೇಳೋದಲ್ಲ. ನೆನೆಸ್ಬೇಕು. ಹುಳೀಲಿ ನೆನೆಸಿ, ಕೀಲಿಗೆ ಎಣ್ಣೆ ಬಿಡ್ತಾ ಇರು. ನಮ್ಮಪ್ಪ ಹಂಗೇ ಮಾಡೋರು."

"ಎಷ್ಟು ದಿನ?"

"ಅದು ಬಿಡೋವರ್ಗೂ."

ಅಷ್ಟು ತಾಳ್ಮೆ ಅಕ್ಕಯ್ಯಮ್ಮನವರಿಗೆ ಹುಟ್ಟಿನಿಂದ ಬಂದದ್ದಲ್ಲ, ಈಗಲೂ ಇಲ್ಲ. ದಿನಕ್ಕೆ ಹತ್ತು ಸಲ ಹೋಗಿ ಅಲ್ಲಾಡಿಸುತ್ತಿದ್ದರು, ಬೈಯುತ್ತಿದ್ದರು, ಮತ್ತೆ ಎಣ್ಣೆ ಬಿಡುತ್ತಿದ್ದರು. ದೊಡ್ಡ ಮಡಕೆಯಲ್ಲಿ ಹುಳಿಗಂಜಿ, ಹುಣಸೆಹಣ್ಣಿನ ಕಿವುಚು. ಅದರಲ್ಲಿ ಮುಳುಗಿದ ಪೆಟ್ಟಿಗೆ. ಅಂಗಳವೆಲ್ಲ ಹುಳಿ ನಾತ. ಎಂಟನೆಯ ದಿನ ಬೆಳಿಗ್ಗೆ ಕೀಲು ಕಿರುಗುಟ್ಟಿತು. ಮುಚ್ಚಳ ಮೇಲೆ ಬಂತು. ಬದರುನ್ನೀಸಾ ಓಡಿ ಬಂದರು. ಚಿಕ್ಕಬೈರಪ್ಪ ಎದ್ದು ನಿಂತು "ನಾನು ಹೇಳಲಿಲ್ವ?" ಎಂದರು. ಅಕ್ಕಯ್ಯಮ್ಮನ ಕೈಯಲ್ಲಿ ಅದೇ ಹೊತ್ತಿಗೆ ಆರು ಕಿಲೋ ಭಾರದ ವಸ್ತು ಇತ್ತು. ಏನೂ ಅನಾಹುತವಾಗಲಿಲ್ಲ.

ಕೆಡದೆ ಉಳಿದಿದ್ದ ಇನ್ನು ಮೂರು ಪೆಟ್ಟಿಗೆಗಳೂ ಹೀಗೆ ಬಿಚ್ಚಿದವು. ತೆಂಗಿನ ನಾರು, ಇಟ್ಟಿಗೆ ಪುಡಿಯಿಂದ ತಿಕ್ಕಿ, ಹೊಸ ಹಿಡಿ ಹಾಕಿಸಿ, ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಮೇಜು ಇಟ್ಟದ್ದಾಯಿತು. ಒಂದು ಹಾಸ್ಟೆಲಿನ ವಾರ್ಡನ್ನರು ನೋಡೋಣವೆಂದು ಹನ್ನೆರಡು ಬಿಳಿ ಕೋಟು ಕಳಿಸಿದರು. ಹುಡುಗರಿಗೆ ಮಾರನೆಯ ದಿನ ಪ್ರಾಕ್ಟಿಕಲ್ ಪರೀಕ್ಷೆ.

ನೀರು ಚಿಮುಕಿಸಿ ಮೂರು ಕೋಟು ಮುಗಿಸುವಷ್ಟರಲ್ಲಿ ತೋಳಿನ ಮೇಲೆ, ಬೆನ್ನಿನ ಮೇಲೆ ಅರಿಸಿನಗೆಂಪಿನ ಪಟ್ಟೆ ಕಂಡಿತು. ಕಣ್ಣಿಗೆ ಬೆಳ್ಳಗೆ ಕಂಡ ತಳದ ಸಣ್ಣ ತೂತುಗಳಲ್ಲಿ ತುಕ್ಕು ಕೂತೇ ಇತ್ತು. ಒದ್ದೆ ತಾಗಿದ ಕೂಡಲೇ ಬಟ್ಟೆಗೆ ಇಳಿಯಿತು. ಚಿಕ್ಕಬೈರಪ್ಪ ಕೋಟು ನೋಡಿದರು, ಹೆಂಡತಿಯ ಮುಖ ನೋಡಿದರು, ಅಮೃತಹಳ್ಳಿಯಲ್ಲಿ ಅರ್ಜೆಂಟ್ ಕೆಲಸ ಇದೆಯೆಂದು ಹೊರಟೇಬಿಟ್ಟರು.

"ಎಲ್ಲಾ ಕೆಟ್ಟಾಗ ಅವರಿಗೆ ಅಮೃತಹಳ್ಳೀಲಿ ಕೆಲ್ಸ ಬರ್ತದೆ" ಎಂದು ಅಕ್ಕಯ್ಯಮ್ಮ ಜಗುಲಿಯ ಕಡೆ ನೋಡುತ್ತಾರೆ. "ಆ ಊರಲ್ಲಿ ಅಷ್ಟೊಂದು ಕೆಲ್ಸ ಏನೈತೋ ನಾ ಕಾಣೆ."

ಅವತ್ತು ಅವರು ಬದರುನ್ನೀಸಾ ಮನೆಯ ಗಿಡದ ನಿಂಬೆಕಾಯಿಯನ್ನೆಲ್ಲ ಕಿತ್ತುಕೊಂಡು ಕೆರೆ ಏರಿಗೆ ಹೋದರು. ಕೋಟುಗಳನ್ನು ಬಿಸಿಲಿಗೆ ಹರಡಿ, ಕಲೆಯ ಮೇಲೆ ಉಪ್ಪು ಇಟ್ಟು, ನಿಂಬೆರಸ ಹಿಂಡಿ, ಒಣಗುವುದನ್ನು ಕಾದು, ಮತ್ತೆ ಹಿಂಡಿದರು. ತಿಕ್ಕಿ ತಿಕ್ಕಿ ಬೆರಳ ಸಂದಿ ಸೀಳಿ ರಸ ಉರಿಯುತ್ತಿತ್ತು. ಹೊತ್ತು ಇಳಿಯುವಾಗ ಎರಡು ಕೋಟಿನ ಕಲೆ ಪೂರ್ತಿ ಹೋಯಿತು. ಮೂರನೆಯದರಲ್ಲಿ ಹುಡುಕಿದರೆ ಕಾಣುವಷ್ಟು ಉಳಿಯಿತು. ಒಗೆದು, ಗಾಳಿಗೆ ಒಣಹಾಕಿ, ಹನ್ನೆರಡನ್ನೂ ಯಶವಂತಪುರದ ಪರಿಚಯದವರೊಬ್ಬರ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿಸಿ, ಬುಟ್ಟಿಯಲ್ಲಿ ಹೊತ್ತುಕೊಂಡು ಬೆಳಗಾಗುವಷ್ಟರಲ್ಲಿ ಹಾಸ್ಟೆಲಿಗೆ ನಡೆದರು.

ಬಟ್ಟೆ ಕೊಟ್ಟು ಸುಮ್ಮನೆ ಬರಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಅಕ್ಕಯ್ಯಮ್ಮ ಮೂರನೆಯ ಕೋಟನ್ನು ಬಿಡಿಸಿ ವಾರ್ಡನ್ನರ ಮುಂದೆ ಹಿಡಿದರು.

"ಸ್ವಾಮಿ, ಇಲ್ಲಿ ನೋಡಿ. ಕಲೆ ಐತೆ. ನಮ್ಮ ಪೆಟ್ಟಿಗೆ ಶುದ್ಧ ಆಗಿರ್ಲಿಲ್ಲ. ತಪ್ಪು ನಂದು."

ವಾರ್ಡನ್ನರು ಕೋಟನ್ನು ಬೆಳಕಿಗೆ ಹಿಡಿದು ನೋಡಿದರು. "ಹೋಗ್ಲಿ ಬಿಡಿ. ಆದರೆ ಮುಂದೆ ನಾವು ಬೇರೆ ಕಡೆ ಕೊಡ್ತೀವಿ" ಎಂದರು.

"ಹನ್ನೆರಡು ಬ್ಯಾಡ. ಒಂದು ವಾರ ಬಿಟ್ಟು ಬರ್ತೀನಿ, ಒಂದೇ ಒಂದು ಅಂಗಿ ಕೊಡಿ. ಅದ್ರಲ್ಲೂ ಕಲೆ ಬಂದ್ರೆ ಈ ಕಡೆ ತಲೆ ಹಾಕಲ್ಲ."

ಆ ಒಂದು ವಾರ ಮನೆಯಲ್ಲಿ ಸೊಪ್ಪಿನ ಸಾರು ಬಿಟ್ಟು ಬೇರೆ ಅಡುಗೆ ಆಗಲಿಲ್ಲ. ಅಕ್ಕಯ್ಯಮ್ಮ ಚಪ್ಪಡಿಯ ಮೇಲೆ ನಯವಾದ ಕೆರೆ ಮರಳು ಚೆಲ್ಲಿ, ನೀರು ಬಿಟ್ಟು, ಪೆಟ್ಟಿಗೆಯ ತಳವನ್ನು ಉಜ್ಜಿದರು. ರಾಗಿ ಬೀಸುವಾಗಿನ ಹಾಗೆ ಸುತ್ತು ಸುತ್ತು. ಒರೆಸಿ, ಕೆಂಡ ತುಂಬಿ, ಕಾದ ತಳಕ್ಕೆ ಹರಳೆಣ್ಣೆ ಸವರಿ, ಹೊಗೆ ಹೋಗುವವರೆಗೆ ಕಾಯಿಸಿ, ಆರಿಸಿದರು. ಬಿಳಿ ಬಟ್ಟೆ ಒದ್ದೆ ಮಾಡಿ ಒತ್ತಿದರೆ ಕಲೆ. ಮತ್ತೆ ಉಜ್ಜು, ಮತ್ತೆ ಎಣ್ಣೆ, ಮತ್ತೆ ಕೆಂಡ. ಒತ್ತಿ ನೋಡಲು ಮನೆಯಲ್ಲಿದ್ದ ಬಿಳಿ ಬಟ್ಟೆ ಒಂದೇ, ಚಿಕ್ಕಬೈರಪ್ಪ ಮದುವೆ ಮುಂಜಿಗೆ ಉಡುತ್ತಿದ್ದ ಪಂಚೆ. ಅವರು ಅಡ್ಡ ಬಂದರು. "ಎಮ್ಮೆ ಎಲ್ಲಿ ಅಂತ ಒಂದು ಮಾತು ಕೇಳಿದೆ, ಪಂಚೆ ಬಿಟ್ಟು ಹೊರಟೋದ್ರು" ಎಂದು ಹೇಳುವಾಗ ಮಾತ್ರ ಅಕ್ಕಯ್ಯಮ್ಮನ ಮುಖ ಸ್ವಲ್ಪ ಸಡಿಲಾಗುತ್ತದೆ.

ಏಳನೆಯ ಸಲಕ್ಕೆ ತಳಕ್ಕೆ ನೇರಳೆ ಹಣ್ಣಿನಂಥ ಕಪ್ಪು ಹೊಳಪು ಬಂತು. ಒದ್ದೆ ಪಂಚೆಯ ಮೇಲೆ ಎಷ್ಟು ಒತ್ತಿದರೂ ಏನೂ ಇಳಿಯಲಿಲ್ಲ. ವಾರ್ಡನ್ನರು ಮಾತಿಗೆ ತಪ್ಪದೆ ಒಂದು ಅಂಗಿ ಕೊಟ್ಟರು, ಅದೂ ತಮ್ಮದೇ. ಮುಂದಿನ ತಿಂಗಳಿಂದ ಹಾಸ್ಟೆಲಿನ ಬಟ್ಟೆಯೆಲ್ಲ ಹೊಂಗೆ ಮರದ ಕೆಳಗೆ ಬಂತು. ಇಂದಿಗೂ ಬರುತ್ತಿದೆ. ಇಸ್ತ್ರಿ ಮಾಡುವವರು ಈಗ ಚಿಕ್ಕಬೈರಪ್ಪ. ನಿಜ ಹೇಳಬೇಕೆಂದರೆ ಅವರ ಕೈ ಒಳ್ಳೆಯದು, ಮಡಿಕೆ ಚಾಕುವಿನಂತೆ ನಿಲ್ಲುತ್ತದೆ. ಯಾರಾದರೂ ಹೊಗಳಿದರೆ "ಇಂಗ್ಲೆಂಡ್ ಪೆಟ್ಟಿಗೆ ಸ್ವಾಮಿ, ನಾನೇ ಆರಿಸಿ ತಂದೆ" ಎನ್ನುತ್ತಾರೆ.

ಆ ಅಂಗಿಗಳನ್ನು ನೋಡಿಯೇ ಬೇರೆ ಇಸ್ತ್ರಿಯವರು ತಮ್ಮ ಹಾಳು ಪೆಟ್ಟಿಗೆಗಳನ್ನು ಹೊತ್ತು ತರತೊಡಗಿದರು. ಐದು ವರ್ಷದಲ್ಲಿ ಎಷ್ಟು ಬಂದವೆಂದು ಅಕ್ಕಯ್ಯಮ್ಮ ಎಣಿಸಿಲ್ಲ. ಬದರುನ್ನೀಸಾ ಎಣಿಸಿದ್ದಾರೆ: ನೂರ ಎಂಬತ್ತು ದಾಟಿವೆ, ಬಿಚ್ಚದೆ ಹೋದದ್ದು ಹನ್ನೊಂದು. ಒಂದು ಸಲಕ್ಕೆ ನಾಲ್ಕೈದು ಪೆಟ್ಟಿಗೆ ಮಡಕೆಗಳಲ್ಲಿ ನೆನೆಯುತ್ತಿರುತ್ತವೆ. ನಸುಕಿಗೆ ಎದ್ದರೆ ಹೊಲಕ್ಕೆ ಹೋಗುವವರೆಗೆ ಉಜ್ಜುವ ಕೆಲಸ, ಹೊಲದಿಂದ ಬಂದ ಮೇಲೆ ಎಣ್ಣೆ ಕಾಯಿಸುವ ಕೆಲಸ. ಒಂದೊಂದಕ್ಕೆ ಎಂಟರಿಂದ ಹದಿನೈದು ದಿನ. ಬಲಗೈ ಹೆಬ್ಬೆರಳು ಪೂರ್ತಿ ಮಡಿಸಲು ಬರುವುದಿಲ್ಲ. ಮಳೆಗಾಲದಲ್ಲಿ ಉಗುರಿನ ಬುಡ ಊದಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ತಂದು ಕೊಡುವವರು ಬುದ್ಧಿ ಕಲಿಯುವುದಿಲ್ಲ ಎಂಬುದೇ ಅವರ ದೊಡ್ಡ ಸಂಕಟ. ಕೆಂಡ ಆರಲಿ ಎಂದು ಕಾದ ಪೆಟ್ಟಿಗೆಗೆ ಚೊಂಬಿನಲ್ಲಿ ನೀರು ಸುರಿಯುವವರಿದ್ದಾರೆ. ಬಾಗಿಲಿಗೆ ಅಡ್ಡ ಇಡಲು ಬಳಸುವವರಿದ್ದಾರೆ. ಒಬ್ಬಾತ ಅದರಲ್ಲಿ ಉಪ್ಪು ತುಂಬಿ ಇಟ್ಟಿದ್ದನಂತೆ. "ಉಪ್ಪು ಸ್ವಾಮಿ! ಯಾಕಪ್ಪಾ ಅಂದ್ರೆ, ಮುಚ್ಚಳ ಗಟ್ಟಿಯಾಗೈತಲ್ಲ, ಇಲಿ ಬರಲ್ಲ ಅಂದ. ಉಪ್ಪಿಗೆ ಯಾವ ಇಲಿ ಬರ್ತದೆ ಅಂತ ಕೇಳಿದೆ. ತಲೆ ಕೆರ್ಕೊಂಡು ನಿಂತ."

ಬಿಸಿಲು ಚಪ್ಪಡಿಗೆ ಬರುವ ಹೊತ್ತಿಗೆ ಶ್ರೀರಾಮಪ್ಪನ ಪೆಟ್ಟಿಗೆಯ ಕೀಲು ಸಣ್ಣಗೆ ಸದ್ದು ಮಾಡುತ್ತದೆ. ತಳವನ್ನು ಕೆಂಡದ ಮೇಲಿಟ್ಟು ಕಾಯಿಸಿ ಎಣ್ಣೆ ಹಿಡಿಸುವ ಕೆಲಸವೆಲ್ಲ ಮೊದಲೇ ಮುಗಿದಿದೆ, ಮುಚ್ಚಳವೊಂದೇ ಬಾಕಿ. ಬಣ್ಣ ಕುಡಿದ ಸಂದಿಗೆ ಸುಣ್ಣ, ವಾಷಿಂಗ್ ಸೋಡ ಕಲಸಿ ಮೆತ್ತಿ, ತೆಂಗಿನ ಚಿಪ್ಪಿನ ಚೂಪು ತುದಿಯಿಂದ ಕೆರೆದು ನಾಲ್ಕು ದಿನವಾಗಿದೆ. ಅಕ್ಕಯ್ಯಮ್ಮ ಉಸಿರು ಹಿಡಿದು ಹಿಡಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಒಂದಿಷ್ಟು ಕಪ್ಪು ಹೊಪ್ಪಳೆ ಉದುರಿ ಮುಚ್ಚಳ ಬಾಯಿ ತೆರೆಯುತ್ತದೆ. "ಬಂತಾ?" ಎಂದು ಬೇಲಿಯಾಚೆಯಿಂದ ಬದರುನ್ನೀಸಾ ಕೂಗುತ್ತಾರೆ. "ಬರ್ದೆ ಎಲ್ಲಿಗೋಗ್ತದೆ" ಎಂದು ಇವರು ಕೂಗುತ್ತಾರೆ. ಒಳಗಿನ ಗಟ್ಟಿ ಬೂದಿಯನ್ನು ಕೆರೆದು ತೆಗೆದು, ಕೆಂಡ ತುಂಬಿ, ಒದ್ದೆ ಬಟ್ಟೆಯ ಮೇಲೆ ಮೂರು ಸಲ ಓಡಿಸಿ ನೋಡುತ್ತಾರೆ. ಬಟ್ಟೆ ಬೆಳ್ಳಗಿದೆ.

ಮಧ್ಯಾಹ್ನ ಶ್ರೀರಾಮಪ್ಪ ಸೈಕಲ್ಲಿನಲ್ಲಿ ಬರುತ್ತಾನೆ. ಅಜ್ಜನ ಪೆಟ್ಟಿಗೆಯ ಮುಚ್ಚಳವನ್ನು ನಾಲ್ಕು ಸಲ ತೆಗೆದು ಮುಚ್ಚುತ್ತಾನೆ. ಬಣ್ಣದ ವಿಷಯಕ್ಕೆ ಅವನಿಗೆ ಆಗಬೇಕಾದ ಪೂಜೆಯೆಲ್ಲ ಆಗುತ್ತದೆ. ತಲೆ ತಗ್ಗಿಸಿ ಕೇಳಿಸಿಕೊಂಡವನು ಕೊನೆಗೆ, "ಅಕ್ಕಾ, ನೀನೊಬ್ಬಳು ಇಲ್ದಿದ್ರೆ ನಾವು ಇಷ್ಟು ಜನ ಏನ್ ಮಾಡ್ತಿದ್ವೋ. ನಿಂಗೇನಾದ್ರೂ ಬೇಕಾದ್ರೆ ಕೇಳಕ್ಕಾ" ಎನ್ನುತ್ತಾನೆ.

ಬೇಕಾದ್ದೇನು ಎಂದು ಅಕ್ಕಯ್ಯಮ್ಮನನ್ನು ಈವರೆಗೆ ಯಾರೂ ಕೇಳಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಬರೋ ಸೋಮವಾರ ಸೋಲದೇವನಹಳ್ಳೀಲಿ ನಮ್ಮಣ್ಣನ ಮಗಳ ಮದುವೆ. ಒಂದು ಸೀರೆ ಐತೆ. ಟ್ರಂಕಿನಲ್ಲೇ ಮಡಿಕೆ ಬಿದ್ದೋಗೈತೆ."

"ಇಲ್ಲೇ ಇಷ್ಟೊಂದು ಪೆಟ್ಟಿಗೆ ಅವೆಯಲ್ಲಕ್ಕಾ!"

"ಅವೆ. ನಮ್ಮ ಯಜಮಾನ್ರ ಮೇಜಿಗೆ ಹಾಸ್ಟೆಲು ಬಟ್ಟೆ ಬಿಟ್ಟು ಇನ್ನೊಂದು ಇಡಂಗಿಲ್ಲ. ನಾನೇ ಒತ್ಕೊಂಡ್ರೆ ಅದೂ ಒಂದು ಕೆಲ್ಸ ಆಯ್ತು. ನಂಗೆ ಒಬ್ರು ಮಾಡಿಕೊಟ್ಟಂಗೆ ಎಂಗಾಗ್ತದೆ?"

ಒಳಗೆ ಹೋಗಿ ಗಿಳಿಹಸಿರು ಬಣ್ಣದ ಸೀರೆ ತರುತ್ತಾರೆ. ಕೊಡುವಾಗ ಕೈ ಹಿಂದೆಗೆಯುತ್ತದೆ. ಶ್ರೀರಾಮಪ್ಪನನ್ನು, ಅವನ ಪೆಟ್ಟಿಗೆಯನ್ನು, ಮತ್ತೆ ಅವನನ್ನು ನೋಡುತ್ತಾರೆ. "ಕೆಂಡ ಜಾಸ್ತಿ ಹಾಕ್ಬೇಡ. ಮೊದ್ಲು ಒಳಗಡೆ ಮೂಲೇಲಿ ಇಟ್ಟು ನೋಡು. ಅಂಚಿನ ಮೇಲೆ ನಿಲ್ಲಿಸ್ಬೇಡ. ನೀನು ಸುಡ್ತೀಯ, ನಂಗೊತ್ತು." ಸೀರೆ ಅವನ ಕೈಗೆ ಹೋಗುತ್ತದೆ. ಸೈಕಲ್ಲು ಬೇಲಿ ದಾಟುವಾಗ ಅಕ್ಕಯ್ಯಮ್ಮ ಅಲ್ಲಿಯವರೆಗೂ ಹಿಂದೆ ಹೋಗಿ ಕೂಗುತ್ತಾರೆ:

"ಲೇ ಶ್ರೀರಾಮಪ್ಪ! ಸುಟ್ರೂ ಬಾಯಿ ಬಿಡ್ಬೇಡ. ಸುಟ್ಟಿದ್ದು ಒಳಗೆ ಹೋಗಂಗೆ ಮಡಿಚಿ ತಂದ್ಕೊಡು. ಉಟ್ಕೋತೀನಿ."